ಇಪ್ಪತ್ತೆರಡು ಸೆಕೆಂಡಿನ ಪಿಟೀಲು

ಮೂವತ್ತೊಂದು ವರ್ಷ ನಾನು ಬೇರೆಯವರ ಬ್ಯಾಂಡುಗಳಲ್ಲಿ ಪಿಟೀಲು ನುಡಿಸಿದ್ದೇನೆ. ರಾಕ್ ಬ್ಯಾಂಡಿನಲ್ಲಿ ಪಿಟೀಲಿನವನೆಂದರೆ ದೂರದ ನೆಂಟನಿದ್ದ ಹಾಗೆ. ಬಂದರೆ ಕುರ್ಚಿ ಹಾಕುತ್ತಾರೆ, ಬರದಿದ್ದರೆ ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಆಲ್ಬಮ್ಮಿನ ಹಿಂಬದಿಯಲ್ಲಿ ಡ್ರಮ್ಮರನ ನಾಯಿಯ ಹೆಸರನ್ನೂ ಹಾಕಿರುತ್ತಾರೆ. ನನ್ನದು ಮಾತ್ರ 'ಪಿಟೀಲು: ಅತಿಥಿ ಕಲಾವಿದ' ಎಂದಷ್ಟೇ ಇರುತ್ತದೆ. ಮೂವತ್ತೊಂದು ವರ್ಷ ಅತಿಥಿಯಾಗಿ ಉಳಿಯುವುದಕ್ಕೆ ಎಷ್ಟು ದಪ್ಪ ಚರ್ಮ ಬೇಕು ಎಂಬುದು ನನಗೇ ಗೊತ್ತು.

ದೂರು ಹೇಳುತ್ತಿಲ್ಲ. ದೂರುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಎನ್ನುವುದನ್ನೇ ಹೇಳಲು ಹೊರಟಿದ್ದೇನೆ.

ನಾನು ಹೆಸರು ಮಾಡಿದ್ದು ಒಂದೇ ಹಾಡಿನಿಂದ, ಅದೂ ಹೆಸರಿಲ್ಲದೆ. ಆ ಹಾಡಿನ ನಡುವೆ ಗಾಯಕ ಬಾಯಿ ಮುಚ್ಚಿದ ಮೇಲೆ ಇಪ್ಪತ್ತೆರಡು ಸೆಕೆಂಡು ಬರೀ ಪಿಟೀಲು ಬರುತ್ತದೆ. ದಪ್ಪ ತಂತಿಯಲ್ಲಿ ಗೊಣಗುತ್ತ ಶುರುವಾಗಿ, ಹನ್ನೊಂದನೆಯ ಸೆಕೆಂಡಿನಲ್ಲಿ ಒಂದು ಎಳೆಯಷ್ಟೂ ಬಿಡುವು ಕೊಡದೆ ತೆಳು ತಂತಿಯ ತುತ್ತತುದಿಗೆ ಹಾರುತ್ತದೆ. ಕೊನೆಯ ಆರು ಸೆಕೆಂಡು ಅಲ್ಲಿಂದ ಹುಚ್ಚು ಹಿಡಿದಂತೆ ಇಳಿದು ಬರುತ್ತದೆ. ಒಂದು ಕಾಲದಲ್ಲಿ ಅಂಗಡಿಗಳಲ್ಲಿ, ಲಿಫ್ಟುಗಳಲ್ಲಿ, ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕೂಡ ಅದೇ ಕೇಳುತ್ತಿತ್ತು. ಕೇಳಿದವರೆಲ್ಲ ಯಾರಪ್ಪ ಇವನು ಎಂದವರೇ.

ಯಾರೂ ಅಲ್ಲ. ಅದನ್ನು ಯಾರೂ ನುಡಿಸಿರಲಿಲ್ಲ. ನಾನೂ ನುಡಿಸಿರಲಿಲ್ಲ.

ಆ ಸ್ಟುಡಿಯೋದ ಎಂಜಿನಿಯರನನ್ನು ಎಲ್ಲರೂ ಕತ್ತರಿ ಎಂದು ಕರೆಯುತ್ತಿದ್ದರು. ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸುವುದರಲ್ಲಿ ಅವನದು ಎತ್ತಿದ ಕೈ. ಅವತ್ತು ಹದಿನಾಲ್ಕು ಸಲ ನುಡಿಸಿದೆ. ಮೂರನೆಯದರ ಮೊದಲ ಭಾಗ ಚೆನ್ನಾಗಿತ್ತು, ಒಂಬತ್ತನೆಯದರ ನಡುಭಾಗ ಚೆನ್ನಾಗಿತ್ತು, ಕೊನೆಯ ಆರು ಸೆಕೆಂಡು ಒಂದು ಸಲವೂ ಕೈಗೆ ಹತ್ತಲಿಲ್ಲ. ಬ್ಯಾಂಡಿನವರು ಊಟಕ್ಕೆ ಹೋಗಿದ್ದರು. ಕತ್ತರಿ ಟೇಪಿನ ವೇಗವನ್ನು ಅರ್ಧಕ್ಕೆ ಇಳಿಸಿ, "ಮೇಷ್ಟ್ರೇ, ಕೊನೇದನ್ನ ಒಂದು ಸಪ್ತಕ ಕೆಳಗೆ, ಆರಾಮಾಗಿ ನುಡಿಸಿ" ಎಂದ. ಬರೆದ ಸ್ವರ ನೋಡಿ ನುಡಿಸಲು ಬರುತ್ತಿದ್ದುದು ನನಗೊಬ್ಬನಿಗೇ ಆದ್ದರಿಂದ ಎಲ್ಲರ ಬಾಯಲ್ಲೂ ನಾನು ಮೇಷ್ಟ್ರು. ಆರಾಮಾಗಿ ನುಡಿಸಿದೆ. ಅವನು ಮೂರು ತುಂಡು ಸೇರಿಸಿ ಅಂಟಿಸಿ, ಪೂರ್ತಿ ವೇಗದಲ್ಲಿ ಹಾಕಿದ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಊಟ ಮುಗಿಸಿ ಬಂದ ಗಾಯಕ ಕೇಳಿ, ನನ್ನನ್ನು ತಬ್ಬಿಕೊಂಡು, "ಮೈಮೇಲೆ ಏನು ಬಂದಿತ್ತು ನಿಂಗೆ?" ಎಂದ. ನಾವಿಬ್ಬರೂ ಮುಖ ಮುಖ ನೋಡಿಕೊಂಡು ಸುಮ್ಮನಾದೆವು.

ಸ್ಟುಡಿಯೋದಲ್ಲಿ ಕತ್ತರಿಸಿದ್ದು ಹೊರಗೆ ಬಾಯಿಗೆ ಬರಬಾರದು. ಇದು ನಮ್ಮ ಕಸುಬಿನ ಕಟ್ಟಳೆ, ಯಾರೂ ಬರೆದಿಟ್ಟಿಲ್ಲ, ಎಲ್ಲರೂ ಪಾಲಿಸುತ್ತೇವೆ. ಟೂರಿನಲ್ಲಿ ನಾನು ನನಗೆ ಬಂದ ಹಾಗೆ ನುಡಿಸುತ್ತಿದ್ದೆ. ಹಾರುವ ಜಾಗ ಬಂದಾಗ ಕಮಾನನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದೆ, ಜನ ಕೂಗುತ್ತಿದ್ದರು, ಆ ಕೂಗಿನ ಮರೆಯಲ್ಲಿ ಬೆರಳು ನಿಧಾನಕ್ಕೆ ಮೇಲೆ ಹೋಗಿ ಕೂರುತ್ತಿತ್ತು. ಕೊನೆಯ ಆರು ಸೆಕೆಂಡನ್ನು ಡ್ರಮ್ಮರ್ ಪುಣ್ಯಾತ್ಮ ಮುಚ್ಚಿಹಾಕುತ್ತಿದ್ದ.

ನನ್ನ ಮಗಳಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ವರ್ಷದಲ್ಲಿ ಎಂಟು ತಿಂಗಳು ನಾನು ಬಸ್ಸಿನಲ್ಲಿರುತ್ತಿದ್ದೆ. ಹೆಂಡತಿ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಈಗಲೂ ಅಲ್ಲೇ ಇದ್ದಾಳೆ. ಪ್ರತಿ ಸಲ ನಾನು ಟೂರಿಗೆ ಹೊರಟಾಗ ಬಾಗಿಲಲ್ಲಿ ನಿಂತು, ಕೌಂಟರಿನ ದನಿಯಲ್ಲಿ, "ಹೋಗೋದು ಮಾತ್ರಾನಾ, ಬರೋದೂ ಇದೆಯಾ?" ಎಂದು ಕೇಳುತ್ತಿದ್ದಳು. "ಬರೋದೂ ಇದೆ" ಎಂದು ನಾನು ಹೇಳಬೇಕು. ಹೇಳಿದ ಮೇಲೆಯೇ ಸೂಟ್‌ಕೇಸು ಬಿಡುತ್ತಿದ್ದಳು. ಮಗಳು ಬೆಳೆದದ್ದು ಆ ರೆಕಾರ್ಡಿನ ಜೊತೆ. ಒಂಬತ್ತನೆಯ ವಯಸ್ಸಿಗೆ ನನ್ನ ಹಳೆಯ ಪಿಟೀಲು ಕೈಗೆತ್ತಿಕೊಂಡು ಅದರ ಜೊತೆ ಕುಯ್ಯಲು ಶುರು ಮಾಡಿದಳು. ಕುಯ್ಯುವುದು ಎಂಬ ಮಾತು ಆಗ ಅಕ್ಷರಶಃ ನಿಜವಾಗಿತ್ತು, ಕೆಳಗಿನ ಮನೆಯವರು ಎರಡು ಸಲ ಬಂದು ಬಾಗಿಲು ಬಡಿದಿದ್ದರು.

ಅವಳಿಗೆ ಹನ್ನೆರಡಾಗಿದ್ದಾಗ ಒಂದು ದಿನ ಸೂಟ್‌ಕೇಸು ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಬಾಗಿಲ ಆಚೆಯಿಂದ ನನ್ನ ಇಪ್ಪತ್ತೆರಡು ಸೆಕೆಂಡಿನ ಮೊದಲ ಹನ್ನೊಂದು ಕೇಳಿಸಿತು, ಸ್ವಚ್ಛವಾಗಿ. ಆಮೇಲೆ ಹಾರುವ ಜಾಗ. ಬಿದ್ದಳು. ಮತ್ತೆ ಮೊದಲಿನಿಂದ. ಮತ್ತೆ ಬಿದ್ದಳು. ನಾನು ಒಳಗೆ ಕಾಲಿಟ್ಟದ್ದೇ ತಡ, ಬಂದೆಯಾ ಎಂದೂ ಕೇಳದೆ, "ಅಪ್ಪಾ, ಇಲ್ಲಿ ಹೆಬ್ಬೆರಳನ್ನ ಏನು ಮಾಡ್ತೀಯಾ? ಬಿಟ್ಟುಬಿಡ್ತೀಯಾ?" ಎಂದಳು.

ಒಂದು ವಾಕ್ಯ ಸಾಕಿತ್ತು. ಅದು ಅಂಟಿಸಿದ್ದು ಕಂದ, ಯಾರಿಗೂ ಬರಲ್ಲ. ಆದರೆ ಅವಳು ನನ್ನನ್ನು ನೋಡುತ್ತಿದ್ದ ರೀತಿಯಲ್ಲಿ ಮೂವತ್ತೊಂದು ವರ್ಷದಲ್ಲಿ ಮತ್ತ್ಯಾರೂ ನೋಡಿಲ್ಲ. ಬಸ್ಸಿನಲ್ಲಿ ಕೊನೆಯ ಸೀಟು ಸಿಗುವ ಮನುಷ್ಯನಿಗೆ ಅದು ಎಷ್ಟು ದೊಡ್ಡದು ಎಂಬುದು ಅನುಭವಿಸಿದವರಿಗೇ ಗೊತ್ತು. "ಅಭ್ಯಾಸ ಮಾಡು, ತಾನಾಗೇ ಗೊತ್ತಾಗುತ್ತೆ" ಎಂದೆ.

ಮುಂದಿನ ವರ್ಷ ನಮ್ಮ ಊರಿನಲ್ಲೇ ಕಾರ್ಯಕ್ರಮವಾದಾಗ ಅವಳು ಮುಂದಿನ ಸಾಲಿನಲ್ಲಿ ಕೂತು ನೋಡಿದಳು. "ರೆಕಾರ್ಡಲ್ಲಿರೋ ಥರ ಯಾಕೆ ನುಡಿಸಲಿಲ್ಲ?" ಎಂದು ಕೇಳಿದಳು. "ದಿನಾ ಒಂದೇ ಥರ ನುಡಿಸಿದ್ರೆ ಬೇಜಾರಲ್ವಾ?" ಎಂದೆ. ನಂಬಿದಳು. ನಂಬುವ ಮಕ್ಕಳಿಗೆ ಸುಳ್ಳು ಹೇಳುವುದು ಬಹಳ ಸುಲಭ.

ಹದಿನಾರರಲ್ಲಿ ಅವಳು ನನಗೆ ಫೋನ್ ಮಾಡಿದಳು. ಯಾವುದೋ ಊರಿನ ಹೋಟೆಲಿನಲ್ಲಿ ಮಧ್ಯಾಹ್ನ ಬನಿಯನ್ನಿನಲ್ಲಿ ಕೂತು ಅಂಗಿಯ ಕಾಲರ್ ಒಗೆಯುತ್ತಿದ್ದೆ. "ಅಪ್ಪಾ, ಫೋನಿಡಬೇಡ, ಕೇಳು" ಎಂದಳು, ರಿಸೀವರನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು. ಆಮೇಲೆ ಪಿಟೀಲು. ಗೊಣಗುವುದು ಬಂತು, ಹನ್ನೊಂದನೆಯ ಸೆಕೆಂಡು ಬಂತು, ಬಿಡುವೇ ಇಲ್ಲದೆ ಹಾರಿದಳು. ಕತ್ತರಿಯ ಬ್ಲೇಡು ಮಾಡಿದ್ದನ್ನು ಬೆರಳಲ್ಲಿ ಮಾಡಿದಳು. ಕೊನೆಯ ಆರು ಸೆಕೆಂಡು ಮನುಷ್ಯರ ಕೈ ಎಷ್ಟು ವೇಗವಾಗಿ ಓಡಬಹುದೋ ಅಷ್ಟು ವೇಗವಾಗಿ ಇಳಿದಳು. ರೆಕಾರ್ಡಿನಷ್ಟಿರಲಿಲ್ಲ, ರೆಕಾರ್ಡಿನಷ್ಟು ಇರಲು ಸಾಧ್ಯವೂ ಇರಲಿಲ್ಲ. "ಕೇಳಿಸ್ತಾ?" ಎಂದಳು ಏದುಸಿರಿನಲ್ಲಿ.

ಹೆಮ್ಮೆಯಿಂದ ಎದೆ ತುಂಬಿ ಬಂತು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ನನಗೆ ಹೊಟ್ಟೆ ಉರಿಯಿತು. ಹದಿನಾರು ವರ್ಷದ ಹುಡುಗಿ, ನನ್ನದೇ ರಕ್ತ, ಮನೆಯ ಹಾಲಿನಲ್ಲಿ ನಿಂತು, ನಾನು ನುಡಿಸಿದೆ ಎಂದು ಲೋಕ ನಂಬಿದ್ದನ್ನು ನಿಜವಾಗಿ ನುಡಿಸಿಬಿಟ್ಟಿದ್ದಳು. ನನ್ನ ಕೈಯಲ್ಲಿ ಸೋಪಿನ ನೊರೆ ಇತ್ತು.

"ಚೆನ್ನಾಗಿದೆ ಪುಟ್ಟೀ," ಎಂದೆ. "ಕೊನೇಲಿ ಮಾತ್ರ ಸ್ಪೀಡ್ ಸಾಲದು."

"ಹೌದಾ? ಸರಿ, ಇನ್ನೂ ಮಾಡ್ತೀನಿ" ಎಂದು ಫೋನಿಟ್ಟಳು.

ಇನ್ನೂ ಮಾಡಿದಳು. ದಿನಕ್ಕೆ ನಾಲ್ಕು ತಾಸು, ಬರೀ ಆ ಆರು ಸೆಕೆಂಡು. ಎಂಟು ತಿಂಗಳಾದ ಮೇಲೆ ಎಡಗೈಯ ಕಿರುಬೆರಳು ಮತ್ತು ಉಂಗುರದ ಬೆರಳು ಮಾತು ಕೇಳುವುದನ್ನು ನಿಲ್ಲಿಸಿದವು. ಎರಡು ಆಪರೇಷನ್ ಆಯಿತು. ಡಾಕ್ಟರು, "ಪಿಟೀಲು ನುಡಿಸಿ ಇಷ್ಟೊಂದು ಹಾಳಾಗಿರೋದನ್ನ ನಾನು ನೋಡೇ ಇಲ್ಲ, ಅಂಥದ್ದೇನು ನುಡಿಸ್ತಿದ್ರಿ?" ಎಂದು ಕೇಳಿದರು. ನಾನು ಗೋಡೆಯ ಮೇಲಿನ ಮೂಳೆಗಳ ಪಟ ನೋಡುತ್ತ ನಿಂತೆ. ಅವಳೇ ನನಗೆ ಸಮಾಧಾನ ಹೇಳಿದಳು. "ಬಿಡಪ್ಪಾ, ನಿನ್ನ ಕೈ ಬೇರೆ, ನನ್ನ ಕೈ ಬೇರೆ. ನನ್ನದು ಅಷ್ಟಕ್ಕೆ ಆಗಿ ಬರೋ ಕೈಯಲ್ಲ."

ಹದಿಮೂರು ವರ್ಷವಾಯಿತು. ಆ ಮಾತನ್ನು ಅವಳು ಹೋದ ವರ್ಷದವರೆಗೂ ನಂಬಿದ್ದಳು, ತನ್ನ ಕೈ ಸಣ್ಣದು, ಅಪ್ಪನ ಕೈ ದೊಡ್ಡದು ಎಂದು. ಅದೊಂದು ನಂಬಿಕೆ ಉಳಿದಿರುವವರೆಗೆ ನಾನು ಅವಳ ಎದುರು ಕೂತು ಊಟ ಮಾಡಬಲ್ಲವನಾಗಿದ್ದೆ. ಅದು ಹೋದರೆ ನನ್ನ ಬಳಿ ಬೇರೇನೂ ಇರಲಿಲ್ಲ.

ಅವಳು ಈಗ ವಾದ್ಯ ರಿಪೇರಿ ಅಂಗಡಿಯಲ್ಲಿ ಕಮಾನುಗಳಿಗೆ ಕೂದಲು ಕಟ್ಟುತ್ತಾಳೆ. ಹಳೆಯ ಕುದುರೆ ಕೂದಲನ್ನು ಕಿತ್ತು, ಹೊಸದನ್ನು ಎಣಿಸಿ, ಒದ್ದೆ ಮಾಡಿ ಬಾಚಿ, ದಾರದಿಂದ ಬಿಗಿದು, ತುದಿಯಲ್ಲಿ ಮರದ ಚಿಕ್ಕ ಬೆಣೆ ಹೊಡೆದು ಕೂರಿಸುವ ಕೆಲಸ. ಹಿಡಿಯಲು ಮೂರು ಬೆರಳಿದ್ದರೆ ಸಾಕು. ಸುತ್ತಲಿನ ನಾಲ್ಕು ಊರಿನ ಪಿಟೀಲಿನವರು ಅವಳ ಹತ್ತಿರವೇ ಬರುತ್ತಾರೆ.

ಹೋದ ವರ್ಷ ಒಂದು ಬೆಳಿಗ್ಗೆ ಗಾಯಕನ ಫೋನ್ ಬಂತು. ಹನ್ನೆರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದ ಬ್ಯಾಂಡಿನವರು ಮತ್ತೆ ಒಂದಾಗಿದ್ದರು, ನಲವತ್ತು ಊರುಗಳ ಟೂರು. "ನೀನು ಬರಲೇಬೇಕು ಮೇಷ್ಟ್ರೇ" ಎಂದ. "ಆದ್ರೆ ಒಂದು ಮಾತು. ಆ ಪಿಟೀಲು ರೆಕಾರ್ಡಲ್ಲಿ ಇದ್ದ ಹಾಗೇ ಬರಬೇಕು. ಆಗಿನ ಹಾಗೆ ಕಮಾನು ಎತ್ತಿ ಡಾನ್ಸ್ ಮಾಡಿದ್ರೆ ನಡೆಯಲ್ಲ. ಈಗ ಜನ ಫೋನಲ್ಲಿ ಹಿಡಿದು, ಪಕ್ಕಪಕ್ಕ ಇಟ್ಟು ನೋಡ್ತಾರೆ. ಮೂರು ವಾರ ಬಿಟ್ಟು ಬಾ, ಒಂದ್ಸಲ ಕೇಳ್ತೀನಿ."

ಹದಿನಾಲ್ಕು ತಿಂಗಳಿನಿಂದ ನನಗೆ ಕೆಲಸವಿರಲಿಲ್ಲ. ಮಾಡಿದ್ದೆಂದರೆ ಒಂದು ಹಾಸಿಗೆ ಕಂಪನಿಯ ಜಾಹೀರಾತಿಗೆ ಮೂರು ಸ್ವರ, ಅದೂ ಆಕಳಿಕೆಯ ಹಾಗೆ ಇರಬೇಕು ಎಂದಿದ್ದರು. ಹೂಂ ಎಂದುಬಿಟ್ಟೆ.

ಹೆಂಡತಿ ಕೇಳಿ, "ಅರವತ್ತು ಹತ್ತಿರ ಬಂತು, ಇನ್ನೂ ಮೆರವಣಿಗೆ ಮುಗಿದಿಲ್ಲ ನಿಮ್ಮದು" ಎಂದಳು. ಮಗಳಿಗೆ ಮಾತ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನಾನು ಹೇಳಿಕೊಡ್ತೀನಿ. ಆ ಇಪ್ಪತ್ತೆರಡು ಸೆಕೆಂಡು ನನಗಿಂತ ಚೆನ್ನಾಗಿ ಗೊತ್ತಿರೋರು ಯಾರಿದ್ದಾರೆ?" ಎಂದಳು. ನಿಜ, ಯಾರೂ ಇರಲಿಲ್ಲ. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು, ಆ ಕಾರಣವನ್ನೇ ನಾನು ಇಷ್ಟು ವರ್ಷ ನುಂಗಿಕೊಂಡು ಕೂತಿದ್ದೆ.

ಹೀಗೆ ನಮ್ಮ ಮನೆಯಲ್ಲಿ ಪಾಠ ಶುರುವಾಯಿತು. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಒಂದೂವರೆ ತಾಸು, ಅಡುಗೆಮನೆಯ ಮೇಜಿನ ಪಕ್ಕ. ಹದಿನಾರರಲ್ಲಿ ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ತಂದಳು. ಪ್ರತಿ ಸ್ವರಕ್ಕೂ ಯಾವ ಬೆರಳು, ಎಲ್ಲಿ ಮಣಿಕಟ್ಟು ತಿರುಗಬೇಕು, ಎಲ್ಲಿ ಉಸಿರು, ಎಲ್ಲವೂ ಪೆನ್ಸಿಲಿನಲ್ಲಿ ಇತ್ತು. ಹಾರುವ ಜಾಗಕ್ಕೆ ಅವಳು ಕಂಡುಕೊಂಡಿದ್ದ ಉಪಾಯ ನೋಡಿ ನಾನು ಬೆರಗಾದೆ. ಹೆಬ್ಬೆರಳನ್ನು ಒಂದು ಸ್ವರ ಮೊದಲೇ ಬಿಡಬೇಕು, ಕಿರುಬೆರಳನ್ನು ಕಣ್ಣುಮುಚ್ಚಿ ಮೇಲಕ್ಕೆ ಎಸೆಯಬೇಕು, ಕೈಯ ಉಳಿದ ಭಾಗ ಅದರ ಹಿಂದೆ ಬರುತ್ತದೆ. "ನೀನು ಹೀಗೇ ಮಾಡಿರಬೇಕು ಅಂತ ಎರಡು ವರ್ಷ ಯೋಚಿಸಿ ಕಂಡುಹಿಡಿದೆ," ಎಂದಳು. "ಸರೀನಾ?"

"ಸರಿ" ಎಂದೆ.

ನನ್ನ ಹೆಬ್ಬೆರಳು ಹಿಡಿದು ಬಿಡಿಸುತ್ತಿದ್ದಳು. ಮಡಚಲಾಗದ ತನ್ನ ಎರಡು ಬೆರಳನ್ನು ನನ್ನ ಕಿರುಬೆರಳ ಪಕ್ಕ ಇಟ್ಟು ದಾರಿ ತೋರಿಸುತ್ತಿದ್ದಳು. ನಾನು ಬೀಳುತ್ತಿದ್ದೆ. "ನೀನೇ ನುಡಿಸಿದ್ದಪ್ಪಾ, ಬೆರಳಿಗೆ ನೆನಪಿರುತ್ತೆ. ಸುಮ್ನೆ ಹೆದರ್ಕೊಂಡಿದ್ದೀಯ" ಎನ್ನುತ್ತಿದ್ದಳು. ಇಲ್ಲದ ನೆನಪನ್ನು ಬೆರಳಿನಲ್ಲಿ ಹುಡುಕುತ್ತ ನಾನು ದಿನಾ ಬೆವರುತ್ತಿದ್ದೆ. ಒಂದು ದಿನ ಹೆಂಡತಿ ಕೆಲಸಕ್ಕೆ ಹೊರಡುತ್ತ, "ಪಾಪ, ಸ್ವಲ್ಪ ಬಿಡೇ ಅವರನ್ನ, ಪರೀಕ್ಷೆಗೆ ಕೂತ ಹುಡುಗನ ಹಾಗಾಗಿದ್ದಾರೆ" ಎಂದಳು. ಮಗಳು ನಕ್ಕಳು. ಆ ನಗು ಕೇಳಿ ಎಷ್ಟೋ ವರ್ಷವಾಗಿತ್ತು. ಬೆಳಿಗ್ಗೆ ಬೆಳಿಗ್ಗೆ ನನ್ನ ಮಗಳು ನನ್ನ ಕೈ ಹಿಡಿದು ನಗುತ್ತಿದ್ದಾಳೆ, ಇದನ್ನು ಯಾಕೆ ಕೆಡಿಸಲಿ ಎಂದುಕೊಂಡೆ. ಹೇಡಿಗಳಿಗೆ ಕಾರಣಗಳ ಬರವೇನಿಲ್ಲ.

ಒಂಬತ್ತನೆಯ ದಿನ ಕಿರುಬೆರಳ ಬುಡದಿಂದ ಮಣಿಕಟ್ಟಿನವರೆಗೆ ಬಿಸಿ ತಂತಿ ಎಳೆದ ಹಾಗಾಯಿತು. ಅವಳು ಫ್ರಿಜ್ಜಿನಿಂದ ಬಟಾಣಿಯ ಪ್ಯಾಕೆಟ್ಟು ತಂದು ಕೈಮೇಲೆ ಇಟ್ಟಳು. "ನನಗೂ ಇಲ್ಲೇ ಶುರುವಾಗಿದ್ದು" ಎಂದಳು ಮೆಲ್ಲಗೆ. "ಆವಾಗ್ಲೇ ನಿಲ್ಲಿಸಬೇಕಿತ್ತು. ಅಪ್ಪನಿಗೆ ಬರುತ್ತೆ ಅಂದ್ಮೇಲೆ ನನಗ್ಯಾಕೆ ಬರಲ್ಲ ಅಂತ ಹಟ."

ಮಾತು ನಾಲಿಗೆಯ ತುದಿಗೆ ಬಂತು. ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು, ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು, ಅವಳ ಕೈ ನನ್ನ ಕೈಮೇಲಿತ್ತು. ಅದಕ್ಕಿಂತ ಒಳ್ಳೆಯ ಗಳಿಗೆ ಈ ಜನ್ಮದಲ್ಲಿ ನನಗೆ ಸಿಗುತ್ತಿರಲಿಲ್ಲ. "ಇವತ್ತಿಗೆ ಸಾಕು" ಎಂದೆ.

ಪರೀಕ್ಷೆಯ ದಿನ ಪಿಟೀಲಿನ ಪೆಟ್ಟಿಗೆಯನ್ನು ತಾನೇ ಹೊತ್ತು ಬಂದಳು. ನನ್ನ ಭುಜ ನೋಯಬಾರದಂತೆ. ಹಳೆಯ ಗೋದಾಮೊಂದನ್ನು ರಿಹರ್ಸಲ್ ಹಾಲು ಮಾಡಿದ್ದರು. ತಗಡಿನ ಸೂರು, ನೆಲದ ತುಂಬ ವೈರು, ಮೂಲೆಯಲ್ಲಿ ಕಾಫಿ ಮಾಡುವ ಯಂತ್ರ. ಗಾಯಕ ಕೂದಲಿಗೆ ಬಣ್ಣ ಹಚ್ಚಿ ಹದಿನೆಂಟರ ಹುಡುಗರ ಬೂಟು ಹಾಕಿಕೊಂಡಿದ್ದ. ಸೌಂಡ್ ಬೋರ್ಡಿನ ಹಿಂದೆ, ಎರಡೂ ಕಿವಿಗೆ ಶ್ರವಣಯಂತ್ರ ಸಿಕ್ಕಿಸಿಕೊಂಡು ಕತ್ತರಿ ಕೂತಿದ್ದ. ಅವನು ಇರುತ್ತಾನೆ ಎಂದು ಗೊತ್ತಿರಲಿಲ್ಲ. ಮಗಳ ಕಡೆ ಒಮ್ಮೆ ನೋಡಿದೆ. ಆಮೇಲೆ, ಇಪ್ಪತ್ತೈದು ವರ್ಷ ಬಾಯಿ ಬಿಡದವನು ಇವತ್ತೇನು ಬಿಡುತ್ತಾನೆ ಎಂದು ಧೈರ್ಯ ತಂದುಕೊಂಡೆ. ಅವನು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಮಗಳು ಗೋಡೆಯ ಪಕ್ಕದ ಕುರ್ಚಿಯಲ್ಲಿ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕೂತಳು.

ಮೂರು ಸಲ ನುಡಿಸಿದೆ. ಮೂರು ಸಲವೂ ಹಾರುವ ಜಾಗದಲ್ಲಿ ಬೆರಳು ಎಲ್ಲೋ ಹೋಗಿ ಬಿತ್ತು. ಕೊನೆಯ ಆರು ಸೆಕೆಂಡಿನ ವಿಷಯ ಬೇಡವೇ ಬೇಡ.

"ಏನಿದು ಮೇಷ್ಟ್ರೇ?" ಎಂದ ಗಾಯಕ. "ಆಗ ನೀನೇ ಅಲ್ವಾ ನುಡಿಸಿದ್ದು? ನಾವು ಊಟ ಮುಗಿಸಿ ಬರೋದ್ರೊಳಗೆ ಮಾಡಿ ಬಿಸಾಕಿದ್ದೆ. ಕೈಗೆ ತುಕ್ಕು ಹಿಡೀತಾ?"

ನಾನು ಕಮಾನಿನ ತಿರುಪು ಸಡಿಲಿಸುತ್ತ ನಿಂತೆ. ಗೋಡೆಯ ಕಡೆಯಿಂದ ಮಗಳ ದನಿ ಬಂತು. "ಇನ್ನೊಂದ್ಸಲ ಕೇಳಿ ಸರ್. ಮನೇಲಿ ಸರಿಯಾಗಿ ಬಂದಿತ್ತು. ನಿನ್ನೆ ಪೂರ್ತಿ ನುಡಿಸಿದ್ರು, ನಾನೇ ಕೇಳಿದ್ದೀನಿ."

ಅವಳು ಕೇಳಿರಲಿಲ್ಲ. ಮನೆಯಲ್ಲಿ ಅದು ಒಂದು ಸಲವೂ ಬಂದಿರಲಿಲ್ಲ. ನನ್ನ ಮಗಳು ನನ್ನ ಮರ್ಯಾದೆಗೋಸ್ಕರ, ಮುಖ ಕೆಂಪಗೆ ಮಾಡಿಕೊಂಡು ಸುಳ್ಳು ಹೇಳುತ್ತಿದ್ದಳು.

"ಮನೇಲಿ ಬಂದ್ರೆ ಮನೇಲೇ ನುಡಿಸಲಿ" ಎಂದ ಗಾಯಕ. "ವಯಸ್ಸಾಯ್ತು ಅಂತ ಒಪ್ಪಿಕೊಳ್ಳೋದ್ರಲ್ಲಿ ಏನು ಅವಮಾನ ಮೇಷ್ಟ್ರೇ?"

ಕತ್ತರಿಗೆ ಅದು ಸಹಿಸಲಾಗಲಿಲ್ಲ. ಅವನು ಒಳ್ಳೆಯವನು, ಅದೇ ನನ್ನ ದುರದೃಷ್ಟ. ಬೋರ್ಡಿನ ಹಿಂದಿನಿಂದ ಎದ್ದು ನಿಂತು, "ಸಾಕು ಮಾಡಪ್ಪಾ" ಎಂದ. "ಅವರನ್ನ ಯಾಕೆ ಹೀಗೆ ಹಂಗಿಸ್ತೀಯಾ? ಅದನ್ನ ಯಾರ ಕೈಲಿ ನುಡಿಸೋಕಾಗುತ್ತೆ? ನಾನು ಕತ್ತರಿಸಿ ಅಂಟಿಸಿದ್ದು ಅದು. ಮೂರು ತುಂಡು. ಹಾರೋದೂ ಇಲ್ಲ, ಗೀರೋದೂ ಇಲ್ಲ, ಅಲ್ಲಿರೋದು ನನ್ನ ಬ್ಲೇಡು. ಇಷ್ಟು ವರ್ಷ ಹೇಳಿರಲಿಲ್ಲ, ಈಗ ಹೇಳ್ತಿದ್ದೀನಿ. ಇದ್ರಲ್ಲಿ ಮೇಷ್ಟ್ರ ತಪ್ಪೇನೂ ಇಲ್ಲ."

ಗಾಯಕ ತೊಡೆ ತಟ್ಟಿಕೊಂಡು ನಕ್ಕ. ನನಗೆ ಅವನ ನಗುವಿನ ಕಡೆ ಗಮನವಿರಲಿಲ್ಲ. ಮಗಳು ಎದ್ದು ನಿಂತಿದ್ದಳು.

"ಕೊನೇದೂನಾ?" ಎಂದು ಕತ್ತರಿಯನ್ನು ಕೇಳಿದಳು.

"ಕೊನೇದಂತೂ ಅರ್ಧ ಸ್ಪೀಡಲ್ಲಿ ನುಡಿಸಿದ್ದಮ್ಮ" ಎಂದ ಅವನು, ಗುಟ್ಟು ಬಿಟ್ಟುಕೊಟ್ಟ ಉತ್ಸಾಹದಲ್ಲಿ. "ಟೇಪು ಜೋರಾಗಿ ಓಡಿಸಿದ್ವಿ. ಆ ವೇಗ ಮನುಷ್ಯರ ಕೈಗೆ ಬರಲ್ಲ. ಪ್ರಯತ್ನಪಟ್ರೆ ಕೈ ಹೋಗುತ್ತೆ ಅಷ್ಟೇ."

ಅವಳು ನನ್ನ ಕಡೆ ತಿರುಗಿದಳು. ಕೂಗಲಿಲ್ಲ, ಅಳಲಿಲ್ಲ. ಹನ್ನೆರಡನೆಯ ವಯಸ್ಸಿನಿಂದ ನನ್ನನ್ನು ನೋಡುತ್ತಿದ್ದ ಆ ನೋಟ ಅವಳ ಮುಖದಿಂದ ಹೋಗುವುದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಬಗ್ಗಿ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಎರಡೂ ಚಿಲಕ ಹಾಕಿದಳು.

ಕೆಲಸ ನನಗೆ ಸಿಕ್ಕಿತು, ಅದೇ ತಮಾಷೆ. ಯಾರಿಗೂ ಬಾರದ್ದು ಎಂದ ಮೇಲೆ ರೆಕಾರ್ಡಿನ ಟ್ರ್ಯಾಕ್ ಹಾಕಿದರಾಯಿತು, ನೀನು ಪಿಟೀಲು ಹಿಡಿದು ನಿಂತು ಕಮಾನು ಆಡಿಸು, ಕೈ ಮಾತ್ರ ರೆಕಾರ್ಡಿಗೆ ಸರಿಯಾಗಿ ಓಡಲಿ ಎಂದ ಗಾಯಕ. ಮೈಕಿಗೆ ಬೇರೆ ಸದ್ದು ಬೀಳಬಾರದು ಎಂದು ಕತ್ತರಿ ಸೇರಿಸಿದ. ಎಲ್ಲದಕ್ಕೂ ತಲೆಯಾಡಿಸಿದೆ.

ಮನೆಗೆ ಬರುವ ಬಸ್ಸಿನಲ್ಲಿ ಪೆಟ್ಟಿಗೆ ಅವಳ ತೊಡೆಯ ಮೇಲೆಯೇ ಇತ್ತು. ನಾಲ್ಕು ಸ್ಟಾಪು ದಾಟಿದವು. ಐದನೆಯದರಲ್ಲಿ, ಕಿಟಕಿಯ ಕಡೆ ನೋಡುತ್ತಲೇ, "ನಾನು ಫೋನಲ್ಲಿ ನುಡಿಸಿದ್ದು ನೆನಪಿದೆಯಾ?" ಎಂದಳು.

"ಇದೆ."

"ಕೊನೇಲಿ ಸ್ಪೀಡ್ ಸಾಲದು ಅಂದೆ."

"ಅಂದೆ."

"ಗೊತ್ತಿದ್ದೂ ಅಂದೆ."

ಮುಂದಿನ ಸೀಟಿನ ಹೆಂಗಸು ಇಳಿದು ಹೋದಳು. ಕಂಡಕ್ಟರು ಬಾಗಿಲು ಬಡಿದ.

"ಯಾಕಪ್ಪಾ?"

ಅಷ್ಟು ವರ್ಷದಲ್ಲಿ ಮೊದಲ ಸಲ ನಾನು ನಿಜ ಹೇಳಿದೆ. "ನೀನು ನನಗಿಂತ ಚೆನ್ನಾಗಿ ನುಡಿಸಿದ್ದೆ. ನನ್ನ ಕೈಲಿ ತಡಕೊಳ್ಳೋಕಾಗಲಿಲ್ಲ."

"ಅವತ್ತು ಅಷ್ಟು ಹೇಳಿದ್ರೆ ಸಾಕಾಗಿತ್ತು" ಎಂದಳು. "ಅದು ಕೇಳೋಕೇ ನಾನು ನುಡಿಸಿದ್ದು. ಅವತ್ತೇ ನಿಲ್ಲಿಸ್ತಿದ್ದೆ."

ಹೆಂಡತಿ ಬಾಗಿಲು ತೆಗೆದು, "ಸಿಕ್ತಾ?" ಎಂದಳು. "ಸಿಕ್ತಮ್ಮ" ಎಂದು ಮಗಳೇ ಹೇಳಿ ಒಳಗೆ ಹೋದಳು. ಅಮ್ಮನಿಗೆ ಅವಳು ಏನನ್ನೂ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಹೇಳಿದ್ದರೆ ನನಗೆ ಬೈಗುಳವಾದರೂ ಸಿಗುತ್ತಿತ್ತು.

ಮರುದಿನ ಬೆಳಿಗ್ಗೆ ನನ್ನ ಎರಡೂ ಕಮಾನುಗಳು ಪೆಟ್ಟಿಗೆಯಲ್ಲಿರಲಿಲ್ಲ. ಅಂಗಡಿಗೆ ಹೋದೆ. ಅವಳು ಕಿಟಕಿಯ ಹತ್ತಿರ ಕೂತು, ಬಾಯಲ್ಲಿ ದಾರ ಕಚ್ಚಿಕೊಂಡು, ಎರಡನೆಯದರ ಕೂದಲು ಬಾಚುತ್ತಿದ್ದಳು. ಅಂಗಡಿಯ ತುಂಬ ಅಂಟಿನ ವಾಸನೆ ಇತ್ತು. ನನ್ನನ್ನು ಕೂರು ಎನ್ನಲಿಲ್ಲ. ಬೆಣೆ ಹೊಡೆದು, ಹೆಚ್ಚಾದ ಎಳೆಗಳನ್ನು ದೀಪದ ಬೆಂಕಿಗೆ ಹಿಡಿದು ಸುಟ್ಟು, ಕಮಾನನ್ನು ಬೆಳಕಿಗೆ ಎತ್ತಿ ನೋಡಿ ನನ್ನ ಕೈಗೆ ಕೊಟ್ಟಳು. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಎಲ್ಲೂ ನೋಡಿಲ್ಲ. ಕೂದಲು ಹಾಲಿನ ಹಾಗೆ ಬೆಳ್ಳಗಿತ್ತು.

"ಎರಡಕ್ಕೂ ಹೊಸ ಕೂದಲು ಕಟ್ಟಿದ್ದೀನಿ. ರಾಳ ಹಾಕಿಲ್ಲ" ಎಂದಳು. "ಹಾಕಬೇಡ. ಎಷ್ಟು ಜೋರಾಗಿ ಎಳೆದ್ರೂ ಸದ್ದು ಬರಲ್ಲ. ಮೈಕಿಗೆ ಏನೂ ಬೀಳಲ್ಲ. ನಲವತ್ತು ಊರಿಗೂ ಸಾಕಾಗುತ್ತೆ."

ಪಿಟೀಲಿನವರಿಗಲ್ಲದೆ ಬೇರೆಯವರಿಗೆ ಇದು ತಿಳಿದಿರಲಿಕ್ಕಿಲ್ಲ. ಕೂದಲಿಗೆ ರಾಳದ ಬಿಲ್ಲೆ ತಿಕ್ಕಿದರೆ ಮಾತ್ರ ಅದು ತಂತಿಯನ್ನು ಹಿಡಿಯುತ್ತದೆ. ಇಲ್ಲದಿದ್ದರೆ ಸುಮ್ಮನೆ ಜಾರುತ್ತದೆ. ಗೋಡೆಗೆ ನೇತುಹಾಕಿದ್ದ ಯಾರದೋ ಪಿಟೀಲಿನ ಮೇಲೆ ಒಂದು ಸಲ ಎಳೆದು ನೋಡಿದೆ. ಮೇಜು ಒರೆಸಿದಷ್ಟೂ ಸದ್ದಾಗಲಿಲ್ಲ. ಅವಳು ಆಗಲೇ ಬೇರೆ ಯಾರದೋ ಕಮಾನು ಕೈಗೆತ್ತಿಕೊಂಡಿದ್ದಳು.

ಹೊರಡುವ ದಿನ ಹೆಂಡತಿ ಬಾಗಿಲಲ್ಲಿ ನಿಂತು, "ಹೋಗೋದು ಮಾತ್ರಾನಾ, ಬರೋದೂ ಇದೆಯಾ?" ಎಂದಳು. ಮಗಳು ಒಳಗೆ ಬಟ್ಟೆ ಮಡಚುತ್ತಿದ್ದಳು, ತಲೆ ಎತ್ತ‌ಲಿಲ್ಲ. ನಾನು ಬಗ್ಗಿ ಬೂಟಿನ ದಾರ ಬಿಗಿದೆ. ಹೆಂಡತಿ ಸ್ವಲ್ಪ ಕಾದು, ಸೂಟ್‌ಕೇಸು ಕೊಟ್ಟಳು.

ಇದು ಹತ್ತೊಂಬತ್ತನೆಯ ಊರು. ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ಸೌಂಡ್ ಚೆಕ್ ಮಾಡುವಾಗಲೂ ನಾನು ಪೂರ್ತಿ ಅಭಿನಯಿಸಬೇಕು, ಕ್ಯಾಮೆರಾ ನನ್ನ ಎಡಗೈಯನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತದೆ. ಹಾಗಾಗಿ ಕೈ ಮಗಳ ನೋಟ್‌ಬುಕ್ಕಿನಲ್ಲಿ ಇದ್ದಂತೆಯೇ ಓಡುತ್ತದೆ. ಹೆಬ್ಬೆರಳನ್ನು ಒಂದು ಸ್ವರ ಮೊದಲೇ ಬಿಡುತ್ತೇನೆ, ಕಿರುಬೆರಳನ್ನು ಎಸೆಯುತ್ತೇನೆ. ಸದ್ದಿಲ್ಲದ್ದರಿಂದ ಅದು ಎಲ್ಲಿ ಬಿದ್ದರೂ ನಡೆಯುತ್ತದೆ. "ಕೈ ಅಂದ್ರೆ ಕೈ ಮೇಷ್ಟ್ರೇ!" ಎಂದು ಕತ್ತರಿ ಬೋರ್ಡಿನ ಹಿಂದಿನಿಂದ ಕೂಗುತ್ತಾನೆ. ಅದು ನನ್ನ ಕೈಯಲ್ಲ ಎಂದು ಅವನಿಗೆ ಹೇಳಿಲ್ಲ. ಮನೆಗೆ ಫೋನ್ ಮಾಡಿದರೆ ಹೆಂಡತಿ ಎತ್ತುತ್ತಾಳೆ. ಮಗಳಿಗೆ ಕೊಡು ಎಂದರೆ, ಅಂಗಡಿಯಲ್ಲಿದ್ದಾಳೆ ಎನ್ನುತ್ತಾಳೆ, ರಜೆಯ ದಿನವೂ.

ಮೊದಲ ಊರಿನಲ್ಲಿ ಪೆಟ್ಟಿಗೆ ಬಿಚ್ಚಿದಾಗ ರಾಳದ ಬಿಲ್ಲೆ ಇಡುವ ಗೂಡು ಖಾಲಿಯಿತ್ತು. ಮೂವತ್ತೊಂದು ವರ್ಷದಿಂದ ಅಲ್ಲೇ ಇದ್ದ ಬಿಲ್ಲೆ. ಮಗಳು ತೆಗೆದಿಟ್ಟುಕೊಂಡಿದ್ದಳು. ಯಾವ ಊರಿನ ವಾದ್ಯದ ಅಂಗಡಿಯಲ್ಲಾದರೂ ಸಿಗುವ ವಸ್ತು ಅದು. ಈ ಹೋಟೆಲಿನ ಎದುರಿಗೇ ಅಂಥ ಒಂದು ಅಂಗಡಿ ಇದೆ, ಕಿಟಕಿಯಿಂದ ಕಾಣುತ್ತದೆ. ನಾನು ಇನ್ನೂ ಕೊಂಡಿಲ್ಲ.